‘ಸೋಜ್-ಎ-ವತನ್’: ಒಂದು ಪುಸ್ತಕದ ಕಥೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ಸಮಾರಂಭಗಳಲ್ಲಿ ಶಿಕ್ಷಣದ ಮಹತ್ವವನ್ನು ಕುರಿತು ಮಾತನಾಡುವುದು ರೂಢಿ. ನನಗಿಂತ ಮೊದಲು ಮಾತನಾಡಿದ ಹಿರಿಯರು ಆ ಕೆಲಸವನ್ನು ಸೊಗಸಾಗಿ ಮಾಡಿ ಮುಗಿಸಿದ್ದಾರೆ. ಆದ್ದರಿಂದ ನಾನು ಒಂದೇ ಒಂದು ಪುಸ್ತಕದ ಬಗ್ಗೆ ಮಾತನಾಡಬೇಕೆಂದುಕೊಂಡು ಬಂದಿದ್ದೇನೆ. ಅದು ಉರ್ದುವಿನ ಒಂದು ಚಿಕ್ಕ ಕಥಾಸಂಕಲನ. 1908ರಲ್ಲಿ ಕಾನ್ಪುರದ ‘ಜಮಾನಾ’ ಪತ್ರಿಕೆಯವರ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದರಲ್ಲಿ ಇರುವುದು ಐದೇ ಕಥೆಗಳು. ಹೆಸರು ‘ಸೋಜ್-ಎ-ವತನ್’. ‘ವತನ್’ ಎಂದರೆ ನಾಡು ಎಂಬುದು ನಿಮಗೆ ಗೊತ್ತು. ‘ಸೋಜ್’ ಎಂಬುದಕ್ಕೆ ಸುಡುವುದು, ಉರಿ, ಬೇಗೆ, ಒಳಗೊಳಗೇ ಬೇಯುವ ಸಂಕಟ, ಈ ಎಲ್ಲ ಅರ್ಥಗಳೂ ಇವೆ. ಕನ್ನಡದಲ್ಲಿ ‘ನಾಡಿನ ಬೇಗೆ’ ಎನ್ನಬಹುದೇನೋ. ಲೇಖಕರ ಹೆಸರೆಂದು ಮುಖಪುಟದ ಮೇಲೆ ಅಚ್ಚಾಗಿದ್ದುದು ನವಾಬ್ ರಾಯ್.

ನವಾಬ್ ರಾಯ್ ಎಂದರೆ ಯಾರೆಂದು ಮಕ್ಕಳಿಗೆ ಹೊಳೆಯಲಿಕ್ಕಿಲ್ಲ. ಹಾಮಿದ್ ಎಂಬ ಹುಡುಗ ಈದ್ ಜಾತ್ರೆಯಲ್ಲಿ ಮಿಠಾಯಿ, ಆಟಿಕೆ ಎಲ್ಲ ಬಿಟ್ಟು, ರೊಟ್ಟಿ ಸುಡುವಾಗ ಕೈ ಸುಟ್ಟುಕೊಳ್ಳುವ ಅಜ್ಜಿಗಾಗಿ ಚಿಮಟಾ ಕೊಂಡುತಂದ ಕಥೆ ಎಂದರೆ ಹೊಳೆಯುತ್ತದೆ. ಆ ‘ಈದ್‌ಗಾಹ್’ ಬರೆದ ಪ್ರೇಮಚಂದರೇ ಈ ನವಾಬ್ ರಾಯ್. ಮನೆಯಲ್ಲಿ ಇಟ್ಟ ಹೆಸರು ಧನಪತ್ ರಾಯ್. ಹುಟ್ಟಿದ್ದು 1880ರ ಜುಲೈ 31ರಂದು, ಬನಾರಸ್ ಬಳಿಯ ಲಮಹಿ ಗ್ರಾಮದಲ್ಲಿ. ಕಾಯಸ್ಥ ಮನೆತನ, ತಂದೆ ಅಂಚೆ ಇಲಾಖೆಯಲ್ಲಿ ಗುಮಾಸ್ತ. ಹುಡುಗ ಮೊದಲು ಕಲಿತದ್ದು ಅಲಿಫ್, ಬೇ. ಪಕ್ಕದ ಹಳ್ಳಿಯ ಮೌಲವಿ ಸಾಹೇಬರ ಬಳಿ ಉರ್ದು, ಫಾರ್ಸಿ ಕಲಿತರು. ಆ ಕಾಲದ ಆ ಸೀಮೆಯಲ್ಲಿ ಇದು ವಿಶೇಷವೇನೂ ಅಲ್ಲ, ಕಾಯಸ್ಥರ ಮನೆಗಳಲ್ಲಿ ನಡೆದು ಬಂದ ಪದ್ಧತಿ. ಉರ್ದು ಒಂದು ಕೋಮಿನ ಸೊತ್ತೆಂದು ನಮ್ಮವರಲ್ಲೂ ಕೆಲವರು ತಿಳಿದಿದ್ದಾರೆ, ಹೊರಗಿನವರಲ್ಲೂ ಕೆಲವರು ತಿಳಿದಿದ್ದಾರೆ. ಇಬ್ಬರಿಗೂ ಈ ಪುಸ್ತಕ ಉತ್ತರ ಹೇಳುತ್ತದೆ.

ಈ ಪುಸ್ತಕಕ್ಕೆ ಏನಾಯಿತೆಂದು ಹೇಳುವ ಮೊದಲು, ಬರೆದ ಮನುಷ್ಯನಿಗೆ ಪುಸ್ತಕಗಳೊಂದಿಗೆ ಇದ್ದ ಸಂಬಂಧ ಎಂಥದ್ದು ಎಂದು ಹೇಳಬೇಕು. ಮುಖ್ಯವಾಗಿ ವಿದ್ಯಾರ್ಥಿಗಳು ಕೇಳಿಸಿಕೊಳ್ಳಿ.

ತಾಯಿ ತೀರಿಕೊಂಡಾಗ ಇವರಿಗೆ ಎಂಟರ ಆಸುಪಾಸು. ತಂದೆಗೆ ಗೋರಖ್‌ಪುರಕ್ಕೆ ವರ್ಗವಾಯಿತು. ಹದಿಮೂರರ ವಯಸ್ಸಿನ ಹೊತ್ತಿಗೆ ಉರ್ದು ಕಾದಂಬರಿಗಳ ಹುಚ್ಚು ಹಿಡಿಯಿತು. ಸರ್ಶಾರ್, ಶರರ್, ಇನ್ನು ‘ತಿಲಿಸ್ಮ್-ಎ-ಹೋಶ್ರುಬಾ’ದ ದೊಡ್ಡ ದೊಡ್ಡ ಸಂಪುಟಗಳು. ಈ ತಿಲಿಸ್ಮ್ ಎಂದರೆ ಮಾಯಾಜಾಲದ ಕಥೆ, ಸಾವಿರಾರು ಪುಟ. ಅದನ್ನು ಪ್ರಕಟಿಸಿದ್ದು ಲಖ್ನೋದ ಮುನ್ಷಿ ನವಲ್ ಕಿಶೋರರ ಮುದ್ರಣಾಲಯ. ಅದನ್ನೆಲ್ಲ ಕೊಳ್ಳಲು ಅಂಚೆ ಗುಮಾಸ್ತನ ಮಗನ ಬಳಿ ಕಾಸೆಲ್ಲಿ? ಊರಿನಲ್ಲಿ ಬುದ್ಧಿಲಾಲ್ ಎಂಬ ಪುಸ್ತಕ ವ್ಯಾಪಾರಿ ಇದ್ದರು. ಹುಡುಗ ಅವರೊಂದಿಗೆ ಒಂದು ಒಪ್ಪಂದ ಮಾಡಿಕೊಂಡ. ಅವರ ಅಂಗಡಿಯ ಗೈಡು, ನೋಟ್ಸುಗಳನ್ನು ತನ್ನ ಶಾಲೆಯ ಹುಡುಗರಿಗೆ ಮಾರಿಕೊಡುವುದು, ಅದಕ್ಕೆ ಬದಲಾಗಿ ಅಂಗಡಿಯ ಕಾದಂಬರಿಗಳನ್ನು ಮನೆಗೆ ಒಯ್ದು ಓದಿ ಹಿಂದಿರುಗಿಸುವುದು. ಎರಡು ಮೂರು ವರ್ಷಗಳಲ್ಲಿ ನೂರಾರು ಕಾದಂಬರಿಗಳನ್ನು ಹೀಗೆ ಓದಿದೆನೆಂದು ಮುಂದೆ ಅವರೇ ಬರೆದಿದ್ದಾರೆ. ಅವುಗಳಲ್ಲಿ ಸ್ವಂತದ್ದು ಒಂದೂ ಇಲ್ಲ.

ಆಮೇಲೆ ಬನಾರಸ್. ಹದಿನೈದಕ್ಕೇ ಮದುವೆ, ಸ್ವಲ್ಪ ದಿನಕ್ಕೇ ತಂದೆಯ ಮರಣ, ಮನೆಯ ಭಾರವೆಲ್ಲ ತಲೆಯ ಮೇಲೆ. ಮೆಟ್ರಿಕ್ ಏನೋ ಆಯಿತು, ಗಣಿತ ಮಾತ್ರ ಹತ್ತಲಿಲ್ಲ. ಒಂದು ಚಳಿಗಾಲ ಕೈಯಲ್ಲಿ ಕಾಸಿಲ್ಲ. ಎರಡು ದಿನ ಒಂದೊಂದು ಪೈಸೆಯ ಹುರಿಗಾಳು ತಿಂದು ಕಳೆದಿದ್ದಾರೆ. ಕೊನೆಗೆ ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದ ಚಕ್ರವರ್ತಿಯವರ ಗಣಿತದ ಕುಂಜಿಯನ್ನು, ಅಂದರೆ ಲೆಕ್ಕಗಳನ್ನು ಬಿಡಿಸಿ ತೋರಿಸುವ ಪುಸ್ತಕವನ್ನು, ಮಾರಲು ಅಂಗಡಿಗೆ ಹೋದರು. ಕೊಂಡದ್ದು ಎರಡು ರೂಪಾಯಿಗೆ, ಮಾರಿದ್ದು ಒಂದು ರೂಪಾಯಿಗೆ. ರೂಪಾಯಿ ತೆಗೆದುಕೊಂಡು ಇಳಿಯುವಷ್ಟರಲ್ಲಿ ಅಂಗಡಿಯಲ್ಲಿ ಕುಳಿತಿದ್ದ ದೊಡ್ಡ ಮೀಸೆಯ ಒಬ್ಬ ಸಜ್ಜನರು ಮಾತನಾಡಿಸಿದರು. ಎಲ್ಲಿ ಓದುತ್ತೀಯ, ಮೆಟ್ರಿಕ್ ಪಾಸಾಗಿದೆಯೇ, ಕೆಲಸ ಬೇಕೇ ಎಂದು ಕೇಳಿದರು. ಅವರು ಒಂದು ಸಣ್ಣ ಶಾಲೆಯ ಹೆಡ್‌ಮಾಸ್ಟರು. ತಿಂಗಳಿಗೆ ಹದಿನೆಂಟು ರೂಪಾಯಿ ಸಂಬಳದ ಮೇಷ್ಟ್ರ ಕೆಲಸ ಅಲ್ಲಿಯೇ ಸಿಕ್ಕಿತು. 1899ರಲ್ಲಿ ಅವರು ಚುನಾರಿನ ಶಾಲೆಗೆ ಸೇರಿದ್ದು ಹೀಗೆ. ಪುಸ್ತಕದ ಅಂಗಡಿಯಲ್ಲಿ ನಿಂತವರಿಗೆಲ್ಲ ನೌಕರಿ ಸಿಗುತ್ತದೆಂದು ನಾನು ಹೇಳುತ್ತಿಲ್ಲ. ಹಾಗಿದ್ದರೆ ನಮ್ಮ ಊರಿನ ಅಂಗಡಿಗಳ ಮುಂದೆ ಇಷ್ಟೊತ್ತಿಗೆ ಸರದಿ ಸಾಲು ನಿಂತಿರುತ್ತಿತ್ತು. ತನ್ನದೆಂದು ಇದ್ದ ಒಂದು ಪುಸ್ತಕವನ್ನು ಹಸಿವಿಗಾಗಿ ಕೈಬಿಟ್ಟ ಮನುಷ್ಯ ಇವರು ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಅಲ್ಲಿಂದ ಸರ್ಕಾರಿ ಶಾಲೆಗಳು. ಬಹರೈಚ್, ಪ್ರತಾಪ್‌ಗಢ, ಅಲಹಾಬಾದಿನಲ್ಲಿ ಶಿಕ್ಷಕರ ತರಬೇತಿ, 1905ರಿಂದ ಕಾನ್ಪುರ. ಕಾನ್ಪುರದಲ್ಲಿ ‘ಜಮಾನಾ’ ಸಂಪಾದಕರಾದ ಮುನ್ಷಿ ದಯಾನಾರಾಯಣ್ ನಿಗಮರ ಸ್ನೇಹವಾಯಿತು. ಆಗ ದೇಶದಲ್ಲಿ ಬಂಗಾಳದ ವಿಭಜನೆಯ ಕೋಲಾಹಲ, ಸ್ವದೇಶಿಯ ಕಾವು. ಆ ಕಾವಿನಲ್ಲಿ ಬರೆದವೇ ‘ಸೋಜ್-ಎ-ವತನ್’ನ ಐದು ಕಥೆಗಳು.

ಮೊದಲ ಕಥೆ ‘ದುನಿಯಾ ಕಾ ಸಬ್ ಸೆ ಅನ್‌ಮೋಲ್ ರತನ್’. ದಿಲ್‌ಫಿಗಾರ್ ಎಂಬ ಪ್ರೇಮಿಗೆ ಅವನ ಪ್ರೇಯಸಿ ದಿಲ್‌ಫರೇಬ್ ಷರತ್ತು ಹಾಕುತ್ತಾಳೆ: ಲೋಕದಲ್ಲೇ ಅತ್ಯಂತ ಬೆಲೆಬಾಳುವ ವಸ್ತುವನ್ನು ತಂದುಕೊಡಬೇಕು. ಅವನು ಮೊದಲು ತರುವುದು ಗಲ್ಲಿಗೇರುವ ಪಾತಕಿಯೊಬ್ಬ ಆಡುತ್ತಿರುವ ಮಗುವನ್ನು ಕಂಡು ಸುರಿಸಿದ ಒಂದು ಹನಿ ಕಣ್ಣೀರು. ಸಾಲದು. ಎರಡನೆಯ ಸಲ ತರುವುದು ಗಂಡನೊಂದಿಗೆ ಚಿತೆಯೇರಿದ ಹೆಣ್ಣಿನ ಬೂದಿ. ಅದೂ ಸಾಲದು. ಮೂರನೆಯ ಸಲ ಹಿಂದೂಸ್ತಾನದ ನೆಲದಲ್ಲಿ, ದೇಶಕ್ಕಾಗಿ ಹೋರಾಡಿ ಸಾಯುತ್ತಿರುವ ಯೋಧನ ಕೊನೆಯ ರಕ್ತಬಿಂದು. ಅದೇ ರತ್ನ. ಇನ್ನೊಂದು ಕಥೆಯಲ್ಲಿ ಅಮೆರಿಕದಲ್ಲಿ ಆಯುಷ್ಯ ಕಳೆದು ತೊಂಬತ್ತರ ವಯಸ್ಸಿನಲ್ಲಿ ಮರಳಿದ ಮುದುಕ ತನ್ನ ಹಳ್ಳಿಯ ಗುರುತು ಹಿಡಿಯಲಾರದೆ ಅಲೆಯುತ್ತಾನೆ. ಮತ್ತೊಂದು ಇಟಲಿಯ ದೇಶಭಕ್ತ ಮಾಜಿನಿಯ ಕಥೆ. ‘ಶೇಖ್ ಮಖ್ಮೂರ್’ ಎಂಬುದು ರಾಜ್ಯ ಕಳೆದುಕೊಂಡು ಮತ್ತೆ ಗೆದ್ದವರ ಕಾಲ್ಪನಿಕ ಕಥೆ. ಉಳಿದ ‘ಸಿಲಾ-ಎ-ಮಾತಮ್’ ಒಂದು ಪ್ರೇಮಕಥೆ. ಅದರಲ್ಲಿ ರಾಜಕೀಯವೇ ಇಲ್ಲ.

ಇವು ಪ್ರೇಮಚಂದರ ಶ್ರೇಷ್ಠ ಕಥೆಗಳೇ ಎಂದು ಕೇಳಿದರೆ, ಅಲ್ಲ. ಭಾಷೆ ಫಾರ್ಸಿಯ ಭಾರದಿಂದ ಬಳುಕುತ್ತದೆ, ಕಥನದಲ್ಲಿ ಆ ಹಳೆಯ ತಿಲಿಸ್ಮ್‌ನ ನೆರಳು ಇನ್ನೂ ಇದೆ. ಬುದ್ಧಿಲಾಲರ ಅಂಗಡಿಯ ಹುಡುಗ ಇಲ್ಲಿ ಎದ್ದು ಕಾಣುತ್ತಾನೆ. ಚಿತೆಯ ಬೂದಿಯನ್ನು ರತ್ನಗಳ ಸಾಲಿನಲ್ಲಿ ಇಟ್ಟಿರುವುದು ಇಂದು ಓದುವ ನನಗೆ ಮುಜುಗರ ತರುತ್ತದೆ. ‘ಕಫನ್’ ಬರೆಯಲು ಈ ಲೇಖಕರಿಗೆ ಇನ್ನೂ ಕಾಲು ಶತಮಾನಕ್ಕಿಂತ ಹೆಚ್ಚು ಸಮಯ ಬೇಕಾಯಿತು. ಆದರೆ ಇಪ್ಪತ್ತೆಂಟರ ವಯಸ್ಸಿನ ಸರ್ಕಾರಿ ಶಾಲೆಯ ಮೇಷ್ಟ್ರು, ಸಂಬಳ ಕೊಡುವ ಸರ್ಕಾರದ ಕಣ್ಣೆದುರಿಗೇ ಇದನ್ನು ಅಚ್ಚು ಹಾಕಿಸಿದರು ಎಂಬುದನ್ನು ಮರೆಯಬಾರದು.

1909ರಲ್ಲಿ ಅವರಿಗೆ ಬಡ್ತಿಯಾಗಿ ಹಮೀರ್‌ಪುರ ಜಿಲ್ಲೆಯ ಮಹೋಬಾಕ್ಕೆ ಶಾಲೆಗಳ ಸಬ್ ಡೆಪ್ಯುಟಿ ಇನ್ಸ್‌ಪೆಕ್ಟರ್ ಆಗಿ ವರ್ಗವಾಯಿತು. ಊರೂರು ಸುತ್ತಿ ಶಾಲೆ ತಪಾಸಣೆ ಮಾಡುವ ಕೆಲಸ. ಚಳಿಗಾಲದ ಒಂದು ರಾತ್ರಿ ಡೇರೆಯಲ್ಲಿದ್ದಾಗ ಕಲೆಕ್ಟರ್ ಸಾಹೇಬರು ಕೂಡಲೇ ಬಂದು ಕಾಣಬೇಕೆಂಬ ಅಪ್ಪಣೆ ಬಂತು. ಸಾಹೇಬರೂ ಆಗ ಪ್ರವಾಸದಲ್ಲಿದ್ದರು. ಇವರು ಎತ್ತಿನ ಗಾಡಿ ಕಟ್ಟಿಸಿ, ರಾತ್ರಿಯೆಲ್ಲ ಮೂವತ್ತು ನಲವತ್ತು ಮೈಲಿ ಕ್ರಮಿಸಿ ಮರುದಿನ ಸಾಹೇಬರ ಮುಂದೆ ನಿಂತರು. ಮೇಜಿನ ಮೇಲೆ ‘ಸೋಜ್-ಎ-ವತನ್’ನ ಒಂದು ಪ್ರತಿ ಇತ್ತು. (ಪುಸ್ತಕ ಅಚ್ಚಾಗಿ ಆರು ತಿಂಗಳಾಗಿತ್ತೆಂದು ಮುಂದೆ ಅವರು ಬರೆದಿದ್ದಾರೆ. ವರ್ಗದ ವರ್ಷ ನೋಡಿದರೆ ಒಂದು ವರ್ಷಕ್ಕೂ ಹೆಚ್ಚಾಗಿರಬೇಕು. ಇಪ್ಪತ್ತು ವರ್ಷಗಳ ಮೇಲೆ ನೆನೆದು ಬರೆದದ್ದು, ಇಷ್ಟು ವ್ಯತ್ಯಾಸ ಸಹಜ.)

ನವಾಬ್ ರಾಯ್ ಎಂದರೆ ನೀವೇನೋ ಎಂದು ಸಾಹೇಬರು ಕೇಳಿದರು. ಹೌದೆಂದರು. ಒಂದೊಂದು ಕಥೆಯ ಅರ್ಥವನ್ನೂ ಹೇಳಿಸಿಕೊಂಡರು. ಆ ಪ್ರೇಮಕಥೆಯ ಅರ್ಥವನ್ನು ಸಾಹೇಬರಿಗೆ ಹೇಗೆ ವಿವರಿಸಿದರೋ ಎಂದು ನನಗೆ ಈಗಲೂ ಕುತೂಹಲ. ಎಲ್ಲ ಕೇಳಿದ ಮೇಲೆ ಸಾಹೇಬರು ಸಿಟ್ಟಾದರು. ಕಥೆಗಳ ತುಂಬ ರಾಜದ್ರೋಹವೇ ಇದೆ, ಇಂಗ್ಲಿಷರ ಆಳ್ವಿಕೆಯಾದ್ದರಿಂದ ಬಚಾವಾದೆ, ಮೊಗಲರ ಕಾಲವಾಗಿದ್ದರೆ ಎರಡೂ ಕೈ ಕತ್ತರಿಸುತ್ತಿದ್ದರು ಎಂಬ ಅರ್ಥದಲ್ಲಿ ಗದರಿಸಿದರು. ಕೊನೆಗೆ ತೀರ್ಮಾನವಾದದ್ದು ಎರಡು ವಿಷಯ. ಉಳಿದ ಪ್ರತಿಗಳನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಬೇಕು. ಇನ್ನು ಮುಂದೆ ಅನುಮತಿ ಇಲ್ಲದೆ ಏನನ್ನೂ ಬರೆಯಬಾರದು.

ಅಚ್ಚಾದದ್ದು ಸಾವಿರ ಪ್ರತಿ. ಆ ವೇಳೆಗೆ ಕಷ್ಟಪಟ್ಟು ಮಾರಾಟವಾಗಿದ್ದುದು ಮುನ್ನೂರು. ಉಳಿದ ಏಳುನೂರನ್ನು ‘ಜಮಾನಾ’ ಕಚೇರಿಯಿಂದ ತರಿಸಿ ಸಾಹೇಬರಿಗೆ ಒಪ್ಪಿಸಿದೆನೆಂದು ಪ್ರೇಮಚಂದರು ಬರೆದಿದ್ದಾರೆ. ಅವನ್ನು ಸುಟ್ಟುಹಾಕಿದರು ಎಂಬುದು ಎಲ್ಲರೂ ಹೇಳಿಕೊಂಡು ಬಂದಿರುವ ಮಾತು. ‘ಸೋಜ್’ ಎಂಬ ಹೆಸರಿನ ಪುಸ್ತಕಕ್ಕೆ ಬೆಂಕಿ ಎಂದು ಭಾಷಣಗಳಲ್ಲಿ ಕೇಳಿಯೂ ಇರುತ್ತೀರಿ. ನನ್ನ ಮನಸ್ಸಿನಲ್ಲಿ ಕುಳಿತದ್ದು ಆ ಬೆಂಕಿಯಲ್ಲ, ಈ ಎರಡು ಅಂಕಿಗಳು.

ಏಳುನೂರು ಪ್ರತಿಗಳು ಲೇಖಕರ ಸೊತ್ತು. ಒಂದು ಕಡೆ ಒಟ್ಟಾಗಿ, ಕಟ್ಟು ಕಟ್ಟಿ, ಜೋಪಾನವಾಗಿ ಇದ್ದವು. ಆದ್ದರಿಂದಲೇ ಒಂದು ಅಪ್ಪಣೆಗೆ ಅಷ್ಟೂ ಹೋದವು. ಮುನ್ನೂರು ಪ್ರತಿಗಳು ಅವರ ಕೈತಪ್ಪಿ ಹೋಗಿದ್ದವು. ಯಾರೋ ಕೊಂಡಿದ್ದರು, ಯಾರೋ ಕೇಳಿ ಪಡೆದಿದ್ದರು, ಇನ್ಯಾರೋ ಹಿಂದಿರುಗಿಸದೆ ಇಟ್ಟುಕೊಂಡಿದ್ದರು. ಯಾರ ಬಳಿ ಇದೆಯೆಂದು ಸಾಹೇಬರು ಯಾರನ್ನು ಕೇಳಬೇಕು? ಇಂದು ಆ ಐದು ಕಥೆಗಳನ್ನು ಉರ್ದುವಿನಲ್ಲೂ ಓದಬಹುದು, ಹಿಂದಿಯಲ್ಲೂ ಓದಬಹುದು.

ಇನ್ನು ಎರಡನೆಯ ಷರತ್ತು. ತಿಂಗಳು ತಿಂಗಳೂ ಬರೆಯುವ ಮನುಷ್ಯ ಪ್ರತಿ ಬರಹವನ್ನೂ ಕಲೆಕ್ಟರರಿಗೆ ತೋರಿಸುತ್ತಾ ಹೋದರೆ, ಇವನು ಕಚೇರಿ ಕೆಲಸ ಮಾಡುವುದು ಯಾವಾಗ ಎಂದು ಅವರಿಗೆ ಅನಿಸದೇ ಇದ್ದೀತೆ? ಈ ಫಜೀತಿಯನ್ನು ಅವರು ನಿಗಮರಿಗೆ ಕಾಗದದಲ್ಲಿ ತೋಡಿಕೊಂಡರು. ನವಾಬ್ ರಾಯ್ ಕೆಲವು ದಿನಗಳ ಮಟ್ಟಿಗೆ ಪರಲೋಕಕ್ಕೆ ಹೋದನೆಂದು ತಮಾಷೆಯೂ ಮಾಡಿದರು. ಪ್ರೇಮಚಂದ್ ಎಂಬ ಹೊಸ ಹೆಸರನ್ನು ಸೂಚಿಸಿದವರು ನಿಗಮರೇ. ಹೆಸರು ಇವರಿಗೆ ಇಷ್ಟವಾಯಿತು. ಐದಾರು ವರ್ಷ ದುಡಿದು ಗಳಿಸಿದ ಹಳೆಯ ಹೆಸರು ವ್ಯರ್ಥವಾಯಿತಲ್ಲ ಎಂಬ ವ್ಯಥೆಯೂ ಇತ್ತು. 1910ರ ಡಿಸೆಂಬರಿನ ‘ಜಮಾನಾ’ದಲ್ಲಿ ‘ಬಡೇ ಘರ್ ಕೀ ಬೇಟಿ’ ಈ ಹೊಸ ಹೆಸರಿನಲ್ಲಿ ಬಂತು. ಅದರಲ್ಲಿ ರಾಜಕುಮಾರರಿಲ್ಲ, ಮಾಯೆಯಿಲ್ಲ. ಒಂದು ಮನೆಯ ಅಡುಗೆಯಲ್ಲಿ ತುಪ್ಪ ಹೆಚ್ಚು ಖರ್ಚಾಯಿತೆಂಬ ಜಗಳ, ಅಷ್ಟೆ. ಕಲೆಕ್ಟರರಿಗೆ ಹೆದರಿ ಅವರು ಸಣ್ಣ ವಿಷಯಕ್ಕೆ ಇಳಿದರೆಂದು ಯಾರಾದರೂ ಹೇಳಬಹುದು. ನನಗೆ ಹಾಗೆ ಕಾಣುವುದಿಲ್ಲ. ಅವರ ಕಣ್ಣು ಕಥೆಗೆ ತಕ್ಕ ಜಾಗವನ್ನು ಕಂಡುಕೊಂಡಿತು ಎನ್ನುತ್ತೇನೆ. ಸರ್ಕಾರಿ ನೌಕರಿಯನ್ನು ಅವರು ಬಿಟ್ಟದ್ದು ಇನ್ನೂ ಹತ್ತು ವರ್ಷಗಳ ಮೇಲೆ, 1921ರ ಫೆಬ್ರವರಿಯಲ್ಲಿ, ಗೋರಖ್‌ಪುರದಲ್ಲಿ ಗಾಂಧೀಜಿಯವರ ಭಾಷಣ ಕೇಳಿದ ಬಳಿಕ. ಅಷ್ಟರಲ್ಲಿ ಇಂಟರ್‌ಮೀಡಿಯಟ್ಟೂ ಆಗಿತ್ತು, 1919ರಲ್ಲಿ ಬಿ.ಎ.ಯೂ ಆಗಿತ್ತು. ಗಣಿತ ಕಡ್ಡಾಯವಲ್ಲ ಎಂಬ ನಿಯಮ ಬಂದ ಮೇಲೆ! ಮಕ್ಕಳೇ, ನಗಬೇಡಿ, ನಿಮ್ಮ ಗಣಿತ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ.

ಕನ್ನಡದಲ್ಲಿ ಸಣ್ಣಕಥೆ ಹುಟ್ಟಿದ್ದೂ ಬಹುಮಟ್ಟಿಗೆ ಇಂಥವರ ಕೈಯಲ್ಲೇ ಎಂಬುದನ್ನು ಕನ್ನಡ ಮೇಷ್ಟ್ರಾಗಿ ಹೇಳದೆ ಬಿಡಲಾರೆ. ಮಂಗಳೂರಿನ ಪಂಜೆ ಮಂಗೇಶರಾಯರು ಶಾಲೆಯ ಮೇಷ್ಟ್ರು, ಶಾಲೆಗಳ ಇನ್ಸ್‌ಪೆಕ್ಟರು. ಬರೆದದ್ದು ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ. ಮಾಸ್ತಿಯವರು ಮೈಸೂರು ಸರ್ಕಾರದ ಅಧಿಕಾರಿ. 1920ರಲ್ಲಿ ‘ಕೆಲವು ಸಣ್ಣ ಕಥೆಗಳು’ ತಂದಾಗ ಅವರ ಹೆಸರು ‘ಶ್ರೀನಿವಾಸ’. ಅವರಾರಿಗೂ ಏಳುನೂರು ಪ್ರತಿ ಒಪ್ಪಿಸುವ ಸಂದರ್ಭ ಬರಲಿಲ್ಲ. ಆದರೂ ಹಗಲೆಲ್ಲ ಹಾಜರಿ ಪುಸ್ತಕ ನೋಡಿ, ರಾತ್ರಿ ದೀಪದ ಮುಂದೆ ಬೇರೊಂದು ಹೆಸರಿನಲ್ಲಿ ಬರೆಯುವ ಆ ಬದುಕು ಎರಡು ಭಾಷೆಗಳಲ್ಲೂ ಒಂದೇ.

ಈಗ ನಮ್ಮ ಮನೆಗೆ ಬರೋಣ. ಕಳೆದ ವರ್ಷ ಎಂಟನೆಯ ತರಗತಿಯ ಒಬ್ಬ ಹುಡುಗಿ ಶುಭ್ರ ಬಟ್ಟೆಯಲ್ಲಿ ಸುತ್ತಿದ್ದ ಒಂದು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ದಾದಾ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಸಿಕ್ಕಿತಂತೆ. ಮನೆಯಲ್ಲಿ ಯಾರಿಗೂ ಓದಲು ಬಾರದು, ಎಲ್ಲರೂ ಕನ್ನಡ ಮಾಧ್ಯಮ. ಅರಬ್ಬಿ ಅಕ್ಷರದಂತೆ ಕಾಣುತ್ತದೆಂದು ಎತ್ತರದ ಕಪಾಟಿನಲ್ಲಿ ಭಕ್ತಿಯಿಂದ ಇಟ್ಟಿದ್ದರು. “ಸರ್, ಇದು ಯಾವ ಕಿತಾಬು, ಅಮ್ಮಿ ಕೇಳಿಕೊಂಡು ಬಾ ಅಂದ್ರು” ಎಂದಳು. ಬಿಡಿಸಿ ನೋಡಿದರೆ ಇಬ್ನೆ ಸಫಿಯ ಪತ್ತೇದಾರಿ ಕಾದಂಬರಿ! ಒಳಗೆ ಒಂದು ಬಾಡಿಗೆ ಲೈಬ್ರರಿಯ ಮೊಹರು, ಅದರ ಕೆಳಗೆ ದಾದಾ ಅವರ ದುಂಡನೆಯ ರುಜು. ಯೌವನದಲ್ಲಿ ತಂದವರು ಹಿಂದಿರುಗಿಸಿರಲಿಲ್ಲ. ನಾನು ಮೊದಲ ಅಧ್ಯಾಯವನ್ನು ಓದಿ ಹೇಳಿದೆ. ಮರುದಿನ ಅವಳು ಎರಡನೆಯ ಅಧ್ಯಾಯಕ್ಕೆ ಬಂದಳು, ಜೊತೆಗೆ ಇಬ್ಬರು ಗೆಳತಿಯರು. ಈ ವರ್ಷ ಮೂವರೂ ಬಿಡುವಿನ ವೇಳೆಯಲ್ಲಿ ಉರ್ದು ಅಕ್ಷರ ಕಲಿಯುತ್ತಿದ್ದಾರೆ.

ಆ ಮನೆಯವರು ಪುಸ್ತಕವನ್ನು ಕಾಪಾಡಿದ್ದರು, ಸಂದೇಹವಿಲ್ಲ. ಎಷ್ಟೋ ಮನೆಗಳಲ್ಲಿ ಅದೂ ಇಲ್ಲ, ಹಿರಿಯರು ಕಣ್ಮುಚ್ಚಿದ ಮೇಲೆ ಟ್ರಂಕು ಸಮೇತ ರದ್ದಿ ಅಂಗಡಿಗೆ ಹೋಗುತ್ತದೆ, ಇಲ್ಲವೇ ಮಸೀದಿಯ ಮೂಲೆ ಸೇರುತ್ತದೆ. ಮನೆಯಲ್ಲಿ ಉರ್ದು ಆಡುತ್ತೇವೆ, ಓದಲು ಬರುವುದಿಲ್ಲ. ಶಾಲೆಯಲ್ಲಿ ಕನ್ನಡ ಓದುತ್ತೇವೆ, ಕನ್ನಡದ ಕಥೆ ಪುಸ್ತಕವನ್ನು ಮನೆಗೆ ತರುವುದಿಲ್ಲ. ಹೀಗೆ ಎರಡೂ ಕಡೆಯಿಂದ ನಮ್ಮ ಮಕ್ಕಳಿಗೆ ನಷ್ಟವಾಗುತ್ತಿದೆ. ಇದನ್ನು ನಾನು ಆಕ್ಷೇಪಣೆಗಾಗಿ ಹೇಳುತ್ತಿಲ್ಲ. ಹೊಟ್ಟೆಪಾಡಿಗೆ ದುಡಿಯುವ ತಂದೆ ತಾಯಿಗಳು ಎಷ್ಟನ್ನು ನೋಡಿಯಾರು?

ನಮ್ಮ ಸಂಘದ ಕಚೇರಿಯಲ್ಲಿ ಒಂದು ಗಾಜಿನ ಬಾಗಿಲಿನ ಅಲ್ಮಾರಿ ಇದೆ, ನೀವೆಲ್ಲ ನೋಡಿದ್ದೀರಿ. ಹಿರಿಯರು ಕೊಟ್ಟ ಉರ್ದು, ಕನ್ನಡ ಪುಸ್ತಕಗಳು ಅದರಲ್ಲಿವೆ. ಪ್ರೇಮಚಂದರ ಕಥೆಗಳ ಎರಡು ಸಂಕಲನಗಳೂ ಇವೆ. ಪುಸ್ತಕ ಕೊಟ್ಟರೆ ಕಳೆದುಹೋಗುತ್ತವೆ ಎಂಬ ಭಯದಿಂದ ಬೀಗ ಹಾಕಿಡುವುದು ಇಲ್ಲಿಯವರೆಗಿನ ಪದ್ಧತಿ. ಆ ಭಯ ಸುಳ್ಳಲ್ಲ, ಕೆಲವು ಖಂಡಿತ ಕಳೆದುಹೋಗುತ್ತವೆ. ಆದರೂ ಕೊಡೋಣವೆಂದು ಕಾರ್ಯಕಾರಿ ಸಮಿತಿಯವರನ್ನು ಕೇಳಿಕೊಂಡೆ, ಅವರು ಒಪ್ಪಿದ್ದಾರೆ. ಅಧ್ಯಕ್ಷರಿಗೆ ನಾನು ಋಣಿ.

ವಿದ್ಯಾರ್ಥಿಗಳಿಗೆ ನನ್ನದೊಂದು ಕೆಲಸವಿದೆ. ಉರ್ದು ಓದಬಲ್ಲ ಒಬ್ಬರು, ಓದಲು ಬಾರದ ಒಬ್ಬರು ಜೊತೆಯಾಗಿ ಬನ್ನಿ. ಒಬ್ಬರು ‘ದುನಿಯಾ ಕಾ ಸಬ್ ಸೆ ಅನ್‌ಮೋಲ್ ರತನ್’ ಕಥೆಯನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕೇಳಿಸಿಕೊಂಡು ಅದನ್ನು ತಮ್ಮ ಕನ್ನಡದಲ್ಲಿ ಬರೆಯಲಿ. ಕಠಿಣ ಫಾರ್ಸಿ ಪದಗಳು ಬಂದರೆ ನನ್ನನ್ನು ಕೇಳಿ. ಆ ಮೂರು ವಸ್ತುಗಳಲ್ಲಿ ನಿಮಗೆ ಯಾವುದು ರತ್ನವೆನಿಸಿತು, ಅಥವಾ ಮೂರೂ ಅಲ್ಲವೆನಿಸಿದರೆ ನಾಲ್ಕನೆಯದು ಯಾವುದು, ಅದನ್ನೂ ಬರೆಯಿರಿ. ಚೆನ್ನಾಗಿ ಬಂದದ್ದನ್ನು ಮುಂದಿನ ಸಂಚಿಕೆಗೆ ಕೊಡೋಣ. ಅಲ್ಮಾರಿಯ ಬೀಗದ ಕೈ ಈಗ ನನ್ನ ಬಳಿ ಇದೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕಚೇರಿಯಲ್ಲಿ ಇರುತ್ತೇನೆ. ರಿಜಿಸ್ಟರಿನಲ್ಲಿ ಹೆಸರು, ತರಗತಿ ಬರೆದು ಪುಸ್ತಕ ಒಯ್ಯಬಹುದು. ದಂಡ ಇಟ್ಟಿಲ್ಲ.